ಗಾಳಿಗೆ ಕಾಯದ ಮೊರ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಪಟ್ಟಣಿಗರಾದ ನಮ್ಮ ಬಾಯಲ್ಲಿ ಸದಾ ಆಡುತ್ತಿರುತ್ತದೆ. ಸಿಕ್ಕ ಅವಕಾಶವನ್ನು ಬಿಡಬೇಡ ಎಂಬಷ್ಟು ಅರ್ಥವನ್ನು ಅದರಿಂದ ಹಿಂಡಿಕೊಂಡು ನಾವು ತೃಪ್ತರಾಗಿದ್ದೇವೆ. ತೂರುವುದು ಏನನ್ನು, ತೂರುವವರು ಯಾರು, ಗಾಳಿಯೇ ಬಾರದಿದ್ದರೆ ಅವರ ಗತಿಯೇನು ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಈ ಗಾದೆಯ ಬೆನ್ನ ಹಿಂದೆ ಒಂದು ಕಣವಿದೆ. ಕಣದ ನಡುವೆ ಒಕ್ಕಿದ ರಾಶಿಯಿದೆ. ರಾಶಿಯ ಪಕ್ಕದಲ್ಲಿ ಮರದ ಎಲೆ ಅಲುಗೀತೇ ಎಂದು ಕತ್ತೆತ್ತಿ ನೋಡುತ್ತ ಕುಳಿತ ರೈತನಿದ್ದಾನೆ.

ತೆನೆಗಳನ್ನು ಎತ್ತುಗಳಿಂದ ತುಳಿಸಿದ ಮೇಲೆ, ಅಥವಾ ರೋಣಗಲ್ಲು ಹೊಡೆದ ಮೇಲೆ, ಕಾಳು, ಜಳ್ಳು, ಹೊಟ್ಟು, ದೂಳು ಎಲ್ಲವೂ ಒಂದೇ ರಾಶಿಯಾಗಿ ಬಿದ್ದಿರುತ್ತವೆ. ಎತ್ತರದಲ್ಲಿ ನಿಂತವನೊಬ್ಬ ಮೊರವನ್ನು ತಲೆಯ ಮಟ್ಟಕ್ಕೆತ್ತಿ ಅದನ್ನು ಗಾಳಿಗೆ ಸಣ್ಣಗೆ ಸುರಿಯುತ್ತಾನೆ. ಗಟ್ಟಿಕಾಳು ನೆಟ್ಟಗೆ ಬುಡದಲ್ಲಿ ಬೀಳುತ್ತದೆ. ಅರೆಗಾಳು ಒಂದು ಮೊಳ ಆಚೆ ಬೀಳುತ್ತದೆ, ಜಳ್ಳು ಅದಕ್ಕೂ ಆಚೆ. ಹೊಟ್ಟು ಹಾರಿ ಬೇರೆಯೇ ಒಂದು ಗುಡ್ಡೆಯಾಗುತ್ತದೆ. ಭಾರ ಕಡಿಮೆಯಾಗಿ ಮೈ ಹರವಾಗಿರುವ ವಸ್ತುವನ್ನು ಗಾಳಿ ದೂರ ಒಯ್ಯುತ್ತದೆ, ಭಾರವಾಗಿ ಮೈ ಅಡಕವಾಗಿರುವುದನ್ನು ಬಿಟ್ಟುಕೊಡುತ್ತದೆ. ಇದಿಷ್ಟೇ ಇದರ ಶಾಸ್ತ್ರ. ಕಾಳನ್ನು ಶುದ್ಧಿಮಾಡುವುದು, ದರ್ಜೆವಾರು ವಿಂಗಡಿಸುವುದು, ಬಿತ್ತನೆಗೆ ಯೋಗ್ಯವಾದುದನ್ನು ಆರಿಸಿಕೊಡುವುದು, ಈ ಮೂರು ಕೆಲಸಗಳನ್ನೂ ಗಾಳಿ ಒಂದೇ ಬೀಸಿನಲ್ಲಿ ಮಾಡಿಕೊಡುತ್ತದೆ.

ಆದರೆ ಆ ಗಾಳಿ ಹದವಾಗಿರಬೇಕು. ಬಿರುಸಾದರೆ ಕಾಳೂ ಹೊಟ್ಟಿನ ಜೊತೆ ಹೋಗುತ್ತದೆ, ಮಂದವಾದರೆ ಹೊಟ್ಟೂ ಕಾಳಿನ ಮೇಲೆ ಬೀಳುತ್ತದೆ. ದಿಕ್ಕು ಬದಲಾಯಿತೆಂದರೆ ತೂರುವವನ ಕಣ್ಣಿಗೇ ದೂಳು. ಹದವಾದ ಗಾಳಿ ನಡುರಾತ್ರಿ ಎದ್ದಿತೆಂದರೆ ಮನೆಮಂದಿಯೆಲ್ಲ ನಡುರಾತ್ರಿಯೇ ಏಳಬೇಕು. ಏಳದಿದ್ದರೆ ರಾಶಿ ಬಯಲಲ್ಲೇ ಉಳಿಯಿತು. ಮೋಡ ಕವಿದರೆ ಹಾನಿ, ಹಕ್ಕಿ ಇಲಿಗಳಿಗೆ ಹಬ್ಬ, ಸಾಲ ಕೊಟ್ಟವನು ಕಣದ ಬದಿಗೆ ಬಂದು ನಿಂತಿದ್ದರೆ ಕೈಯಲ್ಲಿ ಕೊಡಲು ಏನೂ ಇಲ್ಲ. ವರ್ಷದ ದುಡಿಮೆಯೆಲ್ಲ ಮುಗಿದು, ಅನ್ನ ಕಣ್ಣೆದುರಿಗೇ ಇದ್ದರೂ ಕೈಗೆ ಬಾರದ ಕೊನೆಯ ಕ್ಷಣವದು. ಗಾದೆ ಹುಟ್ಟಿದ್ದು ಆ ತಳಮಳದಲ್ಲಿ.

ಇಲ್ಲಿ ನಮ್ಮ ಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕನ್ನಡದಲ್ಲಿ ‘ತೂರು’ ಬೇರೆ, ‘ಕೇರು’ ಬೇರೆ. ತೂರುವುದು ಕಣದಲ್ಲಿ, ಬೀಸುವ ಗಾಳಿಯಲ್ಲಿ. ಕೇರುವುದು ಮನೆಯ ಜಗಲಿಯಲ್ಲಿ ಮೊರ ಹಿಡಿದು ಕುಳಿತ ಹೆಂಗಸರ ಕೆಲಸ. ಕೇರುವಾಕೆ ಗಾಳಿಗೆ ಕಾಯುವುದಿಲ್ಲ. ಮಣಿಕಟ್ಟಿನ ಒಂದು ಒನಪಿನಿಂದ ಕಾಳನ್ನು ಚಿಮ್ಮಿಸಿ, ಮೊರದ ಏರಿಳಿತದಿಂದಲೇ ತನಗೆ ಬೇಕಾದಷ್ಟು ಗಾಳಿಯನ್ನು ತಾನೇ ಎಬ್ಬಿಸಿಕೊಂಡು, ತೌಡನ್ನು ಮೊರದ ತುದಿಗೆ ತಂದು ಹಾರಿಸಿಬಿಡುತ್ತಾಳೆ. ಮನುಷ್ಯ ತನ್ನ ಗಾಳಿಯನ್ನು ತಾನೇ ಮಾಡಿಕೊಂಡು ಧಾನ್ಯ ಹಸನುಗೊಳಿಸುವ ವಿದ್ಯೆ ಮೊದಲು ಕೂಡಿಬಂದದ್ದು ಹೀಗೆ, ಮೊರ ಹಿಡಿದ ಕೈಗಳಲ್ಲಿ. ಆದರೆ ಒಂದು ಮೊರದಲ್ಲಿ ಹಿಡಿಯುವುದು ಒಂದೆರಡು ಸೇರು. ಕಣದ ರಾಶಿಯೋ ಖಂಡುಗಗಟ್ಟಲೆ. ಮೊರದ ಉಪಾಯವನ್ನು ರಾಶಿಯ ಅಳತೆಗೆ ಹಿಗ್ಗಿಸುವುದು ಹೇಗೆ? ಆ ಪ್ರಶ್ನೆಗೆ ಉತ್ತರ ದೊರೆತದ್ದು ಚೀನದೇಶದಲ್ಲಿ.

ಹೆನಾನ್ ಪ್ರಾಂತದ ಜಿಯುವಾನ್ ಎಂಬಲ್ಲಿ ಹಾನ್ ವಂಶದ ಕಾಲದ ಗೋರಿಯೊಂದನ್ನು ಅಗೆದಾಗ ಸುಟ್ಟ ಮಣ್ಣಿನ ಪುಟ್ಟ ಮಾದರಿಯೊಂದು ಸಿಕ್ಕಿತು. ಸತ್ತವರಿಗೆ ಪರಲೋಕದಲ್ಲಿ ಉಪಯೋಗಕ್ಕೆ ಬರಲೆಂದು ಮನೆ, ಬಾವಿ, ಒಲೆ, ಬೀಸುವ ಕಲ್ಲು ಮುಂತಾದುವುಗಳ ಮಣ್ಣಿನ ಗೊಂಬೆಗಳನ್ನು ಜೊತೆಯಲ್ಲಿಟ್ಟು ಹೂಳುವುದು ಅಲ್ಲಿನ ಪದ್ಧತಿ. ಈ ಮಾದರಿಯಲ್ಲಿದ್ದುದು ಗಾಳಿಪೆಟ್ಟಿಗೆ. ಸುಮಾರು ೨೦೦೦ ವರ್ಷಗಳ ಹಿಂದೆಯೇ ಚೀನದ ರೈತ ಗಾಳಿಯ ದಾರಿ ನೋಡುವುದನ್ನು ಬಿಟ್ಟಿದ್ದನೆಂಬುದಕ್ಕೆ ಅದು ಸಾಕ್ಷಿ.

ಅದರ ರಚನೆ ಸರಳ. ಮೇಲೆ ಕಾಳು ಸುರಿಯುವ ಗೋಪುರದಂಥ ಬಾಯಿ. ಪಕ್ಕದಲ್ಲಿ ಒಂದು ಅಚ್ಚಿಗೆ ಕೂಡಿಸಿದ ಹಲಗೆಯ ರೆಕ್ಕೆಗಳು. ಅಚ್ಚಿನ ತುದಿಯಲ್ಲಿ ತಿರುಗಿಸುವ ಹಿಡಿ. ಹಿಡಿಯನ್ನು ತಿರುಗಿಸಿದರೆ ರೆಕ್ಕೆಗಳು ಗಾಳಿಯನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಮೇಲಿನಿಂದ ಜಾರಿ ಬೀಳುವ ಧಾನ್ಯ ಆ ಗಾಳಿಯನ್ನು ಹಾದುಹೋಗಬೇಕು. ಗಟ್ಟಿಕಾಳು ಮೊದಲನೆಯ ತೂಬಿನಿಂದ ಕೆಳಗಿಳಿಯುತ್ತದೆ, ಹಗುರ ಕಾಳು ಎರಡನೆಯ ತೂಬಿನಿಂದ. ಹೊಟ್ಟು ಪೆಟ್ಟಿಗೆಯ ತೆರೆದ ತುದಿಯಿಂದ ಹೊರಕ್ಕೆ ಹಾರುತ್ತದೆ. ಗಾಳಿ ಎಷ್ಟು ಬೇಕೆಂಬುದು ತಿರುಗಿಸುವವನ ತೋಳಿನ ಇಷ್ಟ. ಇದನ್ನು ಚೀನೀಯರು ‘ಫೆಂಗ್ ಷಾನ್ ಚೆ’ ಎಂದರು. ಗಾಳಿ ಬೀಸಣಿಗೆಯ ಬಂಡಿ ಎಂದು ಅರ್ಥ.

೧೧ನೆಯ ಶತಮಾನದ ಮೇ ಯಾವೊಚೆನ್ ಎಂಬ ಕವಿ ಬೇಸಾಯದ ಉಪಕರಣಗಳನ್ನು ಕುರಿತು ಕವಿತೆಗಳನ್ನು ಬರೆಯುವಾಗ ಇದಕ್ಕೂ ಒಂದನ್ನು ಮೀಸಲಿಟ್ಟ. ವಾಂಗ್ ಝೆನ್ ೧೩೧೩ರಲ್ಲಿ ರಚಿಸಿದ ‘ನೊಂಗ್ ಷು’ ಎಂಬ ಕೃಷಿಗ್ರಂಥದಲ್ಲಿ ಇದರ ವಿವರಣೆಯಿದೆ. ೧೬೩೭ರಲ್ಲಿ ಪ್ರಕಟವಾದ ಸೊಂಗ್ ಯಿಂಗ್‌ಶಿಂಗನ ‘ತಿಯಾನ್‌ಗೊಂಗ್ ಕೈವು’ ಎಂಬ ಕೈಗಾರಿಕೆಗಳ ಗ್ರಂಥದಲ್ಲಿಯೂ ಇದರ ಚಿತ್ರವನ್ನು ಕಾಣಬಹುದು. ೧೭ನೆಯ ಶತಮಾನದ ಕೊನೆಯ ಹೊತ್ತಿಗೆ ಇದು ಜಪಾನಿಗೂ ಹೋಯಿತು. ಜಪಾನೀಯರು ಇದಕ್ಕಿಟ್ಟ ಹೆಸರು ‘ಟೋಮಿ’. ಕನ್ನಡದಲ್ಲಿ ಹೇಳುವುದಾದರೆ ‘ಚೀನದ ಮೊರ’. ಮನುಷ್ಯನೆತ್ತರದ ಮರದ ಪೆಟ್ಟಿಗೆಯನ್ನು ಮೊರವೆಂದು ಕರೆದವರು, ಅದು ಯಾರ ವಂಶದ್ದೆಂಬುದನ್ನು ಸರಿಯಾಗಿಯೇ ಗುರುತಿಸಿದ್ದರು.

ಯೂರೋಪಿನ ರೈತ ಮಾತ್ರ ಅಷ್ಟು ಕಾಲವೂ ಗಾಳಿಗೆ ಕಾಯುತ್ತಲೇ ಇದ್ದ. ಕಣಜದ ಎರಡು ಗೋಡೆಗಳಲ್ಲಿ ಎದುರುಬದುರಾಗಿ ಬಾಗಿಲಿಟ್ಟು, ನಡುವೆ ಹಾಯುವ ಗಾಳಿಯಲ್ಲಿ ತೂರುತ್ತಿದ್ದ. ಸ್ಕಾಟ್ಲೆಂಡಿನಲ್ಲಿ ಊರ ಹತ್ತಿರದ ದಿಬ್ಬವೇ ಕಣ. ಅಂಥ ದಿಬ್ಬಕ್ಕೆ ‘ಶೀಲಿಂಗ್ ಹಿಲ್’ ಎಂದು ಹೆಸರು. ಚೀನದ ಯಂತ್ರ ಡಚ್ಚರ ವ್ಯಾಪಾರದ ಹಡಗುಗಳ ದಾರಿಯಲ್ಲಿ ಪಶ್ಚಿಮಕ್ಕೆ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಚೀನದ ವಿಜ್ಞಾನ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಬರೆಸಿದ ಕೇಂಬ್ರಿಜ್ಜಿನ ಜೋಸೆಫ್ ನೀಡ್‌ಹ್ಯಾಮರು ಯೂರೋಪಿನ ಈ ಸಾಲವನ್ನು ಎತ್ತಿ ತೋರಿಸಿದವರಲ್ಲಿ ಮುಖ್ಯರು.

೧೭೦೭ರಲ್ಲಿ ಸ್ಕಾಟ್ಲೆಂಡು ಇಂಗ್ಲೆಂಡಿನೊಡನೆ ಒಂದಾದಾಗ ಅದನ್ನು ಕಟುವಾಗಿ ವಿರೋಧಿಸಿದ ಆಂಡ್ರೂ ಫ್ಲೆಚರ್ ಎಂಬ ದೇಶಾಭಿಮಾನಿಯಿದ್ದ. ರಾಜಕೀಯದಲ್ಲಿ ಸೋತ ಮೇಲೆ ಆತ ನಾಡಿನ ಬೇಸಾಯದ ಕಡೆ ಮನಸ್ಸು ತಿರುಗಿಸಿದ. ೧೭೧೦ರಲ್ಲಿ, ಗಿರಣಿ ಕಟ್ಟುವ ಕಸಬಿನ ಜೇಮ್ಸ್ ಮೈಕಲ್ ಎಂಬವನನ್ನು ಹಾಲೆಂಡಿಗೆ ಕಳುಹಿಸಿದ. ಬಾರ್ಲಿಯ ಸಿಪ್ಪೆ ತೆಗೆಯುವ ಗಿರಣಿಯ ಗುಟ್ಟನ್ನು ಕಲಿತು ಬರುವುದು ಅವನಿಗೊಪ್ಪಿಸಿದ ಕೆಲಸ. ಮೈಕಲ್ ಅದನ್ನೂ ಕಲಿತು, ಜೊತೆಗೆ ತೂರುವ ಯಂತ್ರದ ತಿಳಿವಳಿಕೆಯನ್ನೂ ಹೊತ್ತು ತಂದ.

ಯಂತ್ರ ಬಂದಿತು; ಜಗಳವೂ ಬಂದಿತು. ಗಾಳಿಯನ್ನು ಕಳುಹಿಸುವವನು ದೇವರು, ಅದನ್ನು ಪೆಟ್ಟಿಗೆಯಲ್ಲಿ ಹುಟ್ಟಿಸುವುದು ದೈವದ್ರೋಹವೆಂದು ಮಡಿವಂತ ಕ್ರೈಸ್ತರು ಸಿಟ್ಟಾದರು. ಇದನ್ನು ‘ಸೈತಾನನ ಗಾಳಿ’ ಎಂದು ಕರೆದವರೂ ಇದ್ದರಂತೆ. ಸರ್ ವಾಲ್ಟರ್ ಸ್ಕಾಟ್ ೧೮೧೬ರಲ್ಲಿ ಪ್ರಕಟಿಸಿದ ‘ಓಲ್ಡ್ ಮಾರ್ಟಾಲಿಟಿ’ ಕಾದಂಬರಿಯಲ್ಲಿ ಈ ಜಗಳ ಶಾಶ್ವತವಾಗಿ ಉಳಿದಿದೆ. ಅಲ್ಲಿ ಮಾಸ್ ಹೆಡ್ರಿಗ್ ಎಂಬ ಮುದುಕಿ ಜಮೀನುದಾರಿಣಿಯ ಎದುರು ನಿಂತು, ತನ್ನ ಮಗನನ್ನು ಆ ಹೊಸ ಯಂತ್ರದ ಕೆಲಸಕ್ಕೆ ಹಚ್ಚುವುದನ್ನು ಆಕ್ಷೇಪಿಸುತ್ತಾಳೆ. ಪ್ರಾರ್ಥಿಸಿಯೋ ತಾಳ್ಮೆಯಿಂದ ಕಾದೋ ಪಡೆಯಬೇಕಾದ ಗಾಳಿಯನ್ನು ಮನುಷ್ಯನ ಕೈಚಳಕದಿಂದ ಎಬ್ಬಿಸಬಹುದೇ ಎಂಬುದು ಅವಳ ವಾದ. ಮಗ ಒಡತಿಯ ಕವಾಯತಿಗೆ ಹೋಗದಿದ್ದ ತಪ್ಪಿಗೆ ಈ ಮಾತಿನ ತಪ್ಪೂ ಸೇರಿ, ತಾಯಿ ಮಗ ಇಬ್ಬರೂ ಗುಡಿಸಲು ಬಿಟ್ಟು ಹೊರಡಬೇಕಾಗುತ್ತದೆ. ಕಥೆ ನಡೆಯುವುದು ೧೬೭೯ರಲ್ಲಿ. ಯಂತ್ರ ಆ ದೇಶಕ್ಕೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಈ ಕಾಲದ ಗೊಂದಲ ಸ್ಕಾಟನಿಗೆ ಗೊತ್ತಿಲ್ಲದ್ದೇನಲ್ಲ. ಯಂತ್ರ ಈಗಿನ ರೂಪದಲ್ಲಿ ಬಳಕೆಗೆ ಬಂದದ್ದು ಸುಮಾರು ೧೭೩೦ರಲ್ಲಿ ಎಂದು ಅವನೇ ಟಿಪ್ಪಣಿ ಬರೆದಿದ್ದಾನೆ.

ಮಾಸ್ ಮುದುಕಿಯನ್ನು ಓದಿ ಎಲ್ಲರೂ ನಗುತ್ತಾರೆ. ಸ್ಕಾಟನೂ ನಗಿಸಲೆಂದೇ ಬರೆದ. ಆದರೆ ಅವಳ ಮಾತನ್ನು ಇನ್ನೊಂದು ಸಲ ಕೇರಿ ನೋಡಿದರೆ, ಹೊಟ್ಟು ಹಾರಿಹೋದ ಮೇಲೂ ಒಂದೆರಡು ಗಟ್ಟಿಕಾಳು ಉಳಿಯುತ್ತವೆ. ಗಾಳಿ ದೇವರದಾಗಿದ್ದಷ್ಟು ದಿನ ಒಡೆಯನೂ ಆಳೂ ಒಂದೇ ದಿಬ್ಬದ ಮೇಲೆ ನಿಂತು ಕಾಯಬೇಕಿತ್ತು. ಗಾಳಿಯಿಲ್ಲದ ದಿನ ಆಳಿಗೂ ಬಿಡುವು. ಗಾಳಿ ಪೆಟ್ಟಿಗೆಯೊಳಗೆ ಬಂದ ಮೇಲೆ, ಪೆಟ್ಟಿಗೆ ಯಾರದೋ ಗಾಳಿಯೂ ಅವರದೇ. ಹಿಡಿ ತಿರುಗಿಸು ಎಂದಾಗ ಗಾಳಿಯಿಲ್ಲವೆಂದು ಹೇಳುವ ದಾರಿ ಆಳಿಗೆ ಮುಚ್ಚಿಹೋಯಿತು. ಮುದುಕಿ ಇದನ್ನು ಧರ್ಮದ ಮಾತಿನಲ್ಲಿ ಹೇಳಿದಳು. ಅವಳಿಗೆ ತಿಳಿದಿದ್ದ ಭಾಷೆ ಅದೊಂದೇ.

ತೂರುವ ಯಂತ್ರ ಕಸಿದದ್ದು ಕಾಯುವ ಹೊತ್ತನ್ನು. ಅದರ ಬೆನ್ನ ಹಿಂದೆ ಬಂದ ಒಕ್ಕುವ ಯಂತ್ರ ಕೂಲಿಯನ್ನೇ ಕಸಿಯಿತು. ಅದನ್ನು ೧೭೮೬ರ ಸುಮಾರಿನಲ್ಲಿ ರೂಪಿಸಿದವನು ಆಂಡ್ರೂ ಮೈಕಲ್. ಹಾಲೆಂಡಿಗೆ ಹೋಗಿ ಬಂದ ಜೇಮ್ಸನ ಮಗನೇ ಈತನೆಂದು ಹೇಳುತ್ತಾರೆ. ಇಂಗ್ಲೆಂಡಿನ ಬಡ ಕೂಲಿಗಳಿಗೆ ಚಳಿಗಾಲದಲ್ಲಿ ಇದ್ದ ಒಂದೇ ಸಂಪಾದನೆಯೆಂದರೆ ಕಣಜದೊಳಗೆ ಕೋಲಿನಿಂದ ತೆನೆ ಬಡಿಯುವುದು. ಅದೂ ಹೋದಾಗ, ೧೮೩೦ರಲ್ಲಿ, ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ದಂಗೆ ಎದ್ದಿತು. ‘ಕ್ಯಾಪ್ಟನ್ ಸ್ವಿಂಗ್’ ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಬೆದರಿಕೆಯ ಪತ್ರಗಳು ಹೋದವು. ಒಕ್ಕುವ ಯಂತ್ರಗಳು ಪುಡಿಯಾದವು. ಸರ್ಕಾರ ೧೯ ಮಂದಿಯನ್ನು ಗಲ್ಲಿಗೇರಿಸಿತು. ೫೦೦ರ ಹತ್ತಿರ ಹತ್ತಿರ ಜನರನ್ನು ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಿತು.

ಅಮೆರಿಕದಲ್ಲಿ ಹೊಲಗಳು ವಿಶಾಲ, ಕೈಗಳು ಕಡಿಮೆ. ಅಲ್ಲಿ ಯಾರೂ ಹೀಗೆ ಅಳಲಿಲ್ಲ. ಮೇಯ್ನ್ ಪ್ರಾಂತದ ಹೈರಮ್ ಮತ್ತು ಜಾನ್ ಪಿಟ್ಸ್ ಎಂಬ ಸೋದರರು ಒಕ್ಕುವ ಯಂತ್ರಕ್ಕೆ ತೂರುವ ಯಂತ್ರವನ್ನು ಜೋಡಿಸಿ ೧೮೩೭ರಲ್ಲಿ ಹಕ್ಕುಪತ್ರ ಪಡೆದರು. ಅಲ್ಲಿಂದಾಚೆಗೆ ಗಾಳಿಪೆಟ್ಟಿಗೆ ದೊಡ್ಡ ಯಂತ್ರಗಳ ಹೊಟ್ಟೆಯನ್ನು ಸೇರುತ್ತ ಬಂದಿತು. ಇಂದು ಕೊಯ್ದು, ಒಕ್ಕಿ, ತೂರಿ, ಕಾಳನ್ನು ಮಾತ್ರ ಕೊಡುವ ಕಟಾವು ಯಂತ್ರದೊಳಗೆ ಗಿರ್ರನೆ ತಿರುಗುವ ಬೀಸಣಿಗೆ, ಹಾನ್ ಗೋರಿಯ ಆ ಮಣ್ಣಿನ ಗೊಂಬೆಯ ಸಂತಾನವೇ.

ಈ ಸ್ಥಿತ್ಯಂತರದ ನಡುಗಾಲವನ್ನು ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಕೂರ್ಬೆ ೧೮೫೪ರಲ್ಲಿ ಬರೆದ ಚಿತ್ರವೊಂದು ಹಿಡಿದಿಟ್ಟಿದೆ. ನಾಂತ್ ನಗರದ ಕಲಾಸಂಗ್ರಹಾಲಯದಲ್ಲಿರುವ ಆ ಚಿತ್ರದ ನಡುವೆ ಕೆಂಪು ಉಡುಪಿನ ಹೆಂಗಸೊಬ್ಬಳು ಮೊಣಕಾಲೂರಿ, ತೋಳು ಚಾಚಿ ಜರಡಿ ಹಿಡಿಯುತ್ತಿದ್ದಾಳೆ. ಬಲಗಡೆ ಮರದ ಗಾಳಿಪೆಟ್ಟಿಗೆ ನಿಂತಿದೆ. ಚಿಕ್ಕ ಹುಡುಗನೊಬ್ಬ ಅದರ ಬಾಗಿಲು ತೆರೆದು ಒಳಗೆ ಇಣುಕುತ್ತಿದ್ದಾನೆ. ಹೆಂಗಸಿನ ಬೆನ್ನು ನಮ್ಮ ಕಡೆಗಿದೆ, ಹುಡುಗನ ಕಣ್ಣು ಯಂತ್ರದ ಕಡೆಗೆ.

ನಮ್ಮ ನಾಡಿನಲ್ಲಿ ಈ ಕಥೆಯ ಅಧ್ಯಾಯಗಳೆಲ್ಲ ಏಕಕಾಲದಲ್ಲಿ ನಡೆಯುತ್ತಿವೆ. ಗಂಗಾವತಿ, ಸಿಂಧನೂರುಗಳ ಬತ್ತದ ಬಯಲಿನಲ್ಲಿ ಕಟಾವು ಯಂತ್ರಗಳು ಓಡಾಡುತ್ತವೆ. ಚಿಕ್ಕಮಗಳೂರು, ಹಾಸನಗಳ ಕಾಫಿ ಸಂಸ್ಕರಣ ಕೇಂದ್ರಗಳಲ್ಲಿ ಬೀಜವನ್ನು ಗಾಳಿಯ ಕೊಳವೆಯಲ್ಲಿ ಎತ್ತಿ ಹಗುರ ಭಾರಗಳನ್ನು ಬೇರ್ಪಡಿಸುತ್ತಾರೆ. ಹಳೆಯ ಮೈಸೂರಿನ ಕಡೆ ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಗೆ ಹರವಿ, ಹೋಗಿ ಬರುವ ವಾಹನಗಳ ಚಕ್ರಗಳಿಂದ ಒಕ್ಕಿಸಿ, ಅಲ್ಲೇ ಅಂಚಿನಲ್ಲಿ ನಿಂತು ಮೊರದಿಂದ ತೂರುವ ಹೆಂಗಸರನ್ನು ಇಂದಿಗೂ ಕಾಣಬಹುದು. ಕಾರಿನಲ್ಲಿ ಕುಳಿತ ನಾವು ಗಾಜು ಏರಿಸಿಕೊಂಡು ಮುಂದೆ ಹೋಗುತ್ತೇವೆ. ಆ ದೂಳಿನಲ್ಲಿ ನಿಲ್ಲುವ ಕೆಲಸದಿಂದ ಅವರಿಗೆ ಬಿಡುಗಡೆ ಬೇಡವೆಂದು ಹೇಳುವ ಹಕ್ಕು ನಮಗಿಲ್ಲ. ಯಂತ್ರ ಬಂದಾಗ ಅವರ ಕೂಲಿ ಎಲ್ಲಿಗೆ ಹೋಗುತ್ತದೆಂದು ಕೇಳುವ ಹೊಣೆ ಮಾತ್ರ ನಮ್ಮ ಮೇಲಿದೆ.

ಪಟ್ಟಣದ ಮನೆಗಳಲ್ಲಿ ಮೊರ ಈಗ ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಬರುತ್ತದೆ. ಜೋಡಿ ಮೊರಗಳ ನಡುವೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಸಿನ ಕುಂಕುಮಗಳನ್ನಿಟ್ಟು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಬಾಗಿನ ಕೊಡುತ್ತಾರೆ. ಹಬ್ಬ ಕಳೆದ ಮೇಲೆ ಅದು ಅಟ್ಟ ಸೇರುತ್ತದೆ. ಈ ಸಲ ಅಟ್ಟಕ್ಕೇರಿಸುವ ಮೊದಲು ಒಂದು ಹಿಡಿ ಕಾಳು ಹಾಕಿ ಕೇರಲು ಪ್ರಯತ್ನಿಸಿ ನೋಡಿ. ಕಾಳೆಲ್ಲ ನೆಲದ ಮೇಲೆ ಚೆಲ್ಲಿದಾಗ, ನಮ್ಮ ಅಜ್ಜಿಯರ ಮಣಿಕಟ್ಟಿನಲ್ಲಿ ಎಂಥ ಯಂತ್ರವಿತ್ತೆಂಬುದು ತಿಳಿಯುತ್ತದೆ.