ಅಕ್ಷರಗುಂಡಿನ ನೆರೆಯಲ್ಲಿ ಎರಡನೆಯ ತರಗತಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಮಗ್ಗುಲಲ್ಲಿ ಒಂದು ದೊಡ್ಡ ಬಂಡೆಯಿದೆ. ಸುತ್ತಣ ಹಳ್ಳಿಗರು ಅದಕ್ಕೆ ಇಟ್ಟ ಹೆಸರು ಅಕ್ಷರಗುಂಡು. ಅದರ ಮೇಲೆ ಕೊರೆದಿರುವ ಹದಿಮೂರು ಸಾಲುಗಳಲ್ಲಿ ಒಂದಕ್ಷರವನ್ನಾದರೂ ಓದಬಲ್ಲವರು ಎಷ್ಟೋ ಶತಮಾನಗಳ ಕಾಲ ಆ ಸೀಮೆಯಲ್ಲಿ ಇರಲಿಲ್ಲ. ಹಾಗಿದ್ದರೂ ಅದು ಅಕ್ಷರವೆಂಬುದನ್ನು ಮಾತ್ರ ಜನರು ಮರೆಯಲಿಲ್ಲ. ಓದು ಹೋಯಿತು, ಓದಿನ ಹೆಸರು ಉಳಿಯಿತು. ಈ ಬಂಡೆಯ ನೆರೆಯಲ್ಲಿ ನಿಂತು, ನಮ್ಮ ನಾಡಿನ ಎಳೆಯ ಮಕ್ಕಳು ಓದುಬರಹವನ್ನು ಹೇಗೆ ಕಲಿತರೆಂಬುದನ್ನು, ಅದರಲ್ಲಿಯೂ ಕಲಿಕೆಯ ಎರಡನೆಯ ಮೆಟ್ಟಿಲಲ್ಲಿ ಅವರ ದಿನಚರಿ ಏನಾಗಿತ್ತೆಂಬುದನ್ನು, ಸ್ವಲ್ಪ ವಿಚಾರಿಸೋಣವೆಂದು ನಮ್ಮ ಬಯಕೆ. ರಾಜರ ದಂಡಯಾತ್ರೆಗಳನ್ನು ಕೇಳಿ ಅಭ್ಯಾಸವಾದ ಕಿವಿಗೆ ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಈ ಬಂಡೆಯನ್ನು ಬರೆಯಿಸಿದ ರಾಜನಿಗೆ ಅದು ಅಲ್ಪವಾಗಿ ತೋರಿರಲಿಲ್ಲ.

ಆ ರಾಜನು ಅಶೋಕ. ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ಚಕ್ರವರ್ತಿಯ ಮಾತನ್ನು ತಿಳಿಸುವಂತೆ ಶಾಸನದ ಒಕ್ಕಣೆ ಇದೆ. ಇಸಿಲವೆಂಬುದು ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣವೆಂದು ವಿದ್ವಾಂಸರ ಮತ. ಶಾಸನದ ಕೊನೆಯ ಭಾಗದಲ್ಲಿ ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಾಕ್ಯ ಇವನ್ನು ಹೇಳಿ, ಅವುಗಳ ಸಾಲಿನಲ್ಲಿಯೇ ಅಂತೇವಾಸಿಯು ಆಚಾರ್ಯನನ್ನು ಗೌರವಿಸತಕ್ಕದ್ದೆಂದು ವಿಧಿಸಿದೆ; ಇದು ಪುರಾತನವಾದ ನಡೆ, ದೀರ್ಘಾಯುಸ್ಸನ್ನು ತರುವ ನಡೆ ಎಂದೂ ಸೇರಿಸಿದೆ. ಅಂತೇವಾಸಿಯೆಂದರೆ ಗುರುವಿನ ಬಳಿಯಲ್ಲಿಯೇ ಇದ್ದು ಕಲಿಯುವವನು. ಕನ್ನಡ ನಾಡಿನಲ್ಲಿ ದೊರೆತಿರುವ ಬರಹಗಳಲ್ಲಿ ಅತ್ಯಂತ ಪ್ರಾಚೀನವಾದವುಗಳ ನಡುವೆಯೇ ಒಬ್ಬ ಶಿಷ್ಯನು ಕಾಣಿಸಿಕೊಂಡಿದ್ದಾನೆ ಎಂಬುದು ನಮಗೆ ಸಂತೋಷವನ್ನು ಕೊಡುತ್ತದೆ.

ಆದರೆ ಇಲ್ಲಿ ಶಿಷ್ಯನ ಕರ್ತವ್ಯವನ್ನು ಮಾತ್ರ ಹೇಳಿದೆಯಲ್ಲ, ಗುರುವಿನ ಪಾಡೇನು ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಉತ್ತರವು ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯಲ್ಲಿದೆ. ಆನೆಯ ಸವಾರರೂ ಕರಣಿಕರೂ ರಥದ ಶಿಕ್ಷಣವನ್ನು ಕೊಡುವವರೂ ಬ್ರಾಹ್ಮಣರೂ ತಮ್ಮ ತಮ್ಮ ಅಂತೇವಾಸಿಗಳಿಗೆ ಹಿಂದಿನ ಪದ್ಧತಿಯಂತೆ ಕಲಿಸಬೇಕೆಂದು ಅಲ್ಲಿ ಅಪ್ಪಣೆಯಾಗಿದೆ. ಲೆಕ್ಕ ಬರೆಯುವವನೂ ಆನೆ ನಡೆಯಿಸುವವನೂ ವೇದ ಹೇಳುವವನೂ ಒಂದೇ ಸಾಲಿನಲ್ಲಿ ಗುರುಗಳೆನಿಸಿರುವುದನ್ನು ನೋಡಿದರೆ, ವಿದ್ಯೆಯೆಂಬ ಮಾತಿಗೆ ಆ ಕಾಲದವರು ಕೊಟ್ಟ ವಿಸ್ತಾರವು ನಮ್ಮದಕ್ಕಿಂತ ಕಿರಿದಾಗಿರಲಿಲ್ಲ.

ಬ್ರಹ್ಮಗಿರಿಯ ಶಾಸನವನ್ನು ಬರೆದವನ ಹೆಸರು ಚಪಡ. ಅವನೊಂದು ತಮಾಷೆ ಮಾಡಿದ್ದಾನೆ. ಶಾಸನವನ್ನೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮೀ ಲಿಪಿಯಲ್ಲಿ ಬರೆದು, ತಾನು ಲಿಪಿಕರನೆಂದು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ವಾಯವ್ಯ ಗಡಿಯ ಕಡೆಯ ಲಿಪಿ. ಇಲ್ಲಿ ಅದನ್ನು ಓದುವವರು ಯಾರಿದ್ದರು? ಹೊಸದಾಗಿ ಒತ್ತಕ್ಷರವನ್ನು ಕಲಿತ ಹುಡುಗನು ಬೇಕಿಲ್ಲದ ಕಡೆಯಲ್ಲಿಯೂ ಅದನ್ನು ಬರೆದು ತೋರಿಸುವ ಹಾಗೆ ನಮಗೆ ಇದು ಕಾಣುತ್ತದೆ. ಚಪಡನೂ ಒಂದು ಕಾಲದಲ್ಲಿ ಯಾವನೋ ಗುರುವಿನ ಮುಂದೆ ಕುಳಿತು ಅಕ್ಷರ ತಿದ್ದಿದವನೇ ತಾನೆ?

ಅಶೋಕನ ಕಾಲದ ಎಳೆಯರು ಹೇಗೆ ತಿದ್ದಿದರೆಂಬುದಕ್ಕೆ ಬಂಡೆಯಲ್ಲಿ ವಿವರವಿಲ್ಲ. ಆ ವಿವರ ಬೇಕಾದರೆ ನಾವು ಎರಡು ಸಾವಿರ ವರ್ಷಗಳನ್ನು ದಾಟಿ, ನೆರೆಯ ಬಳ್ಳಾರಿ ಸೀಮೆಗೆ ಬರಬೇಕು. ಮೊಳಕಾಲ್ಮೂರು ಆಗ ಮೈಸೂರಿನದು, ಬಳ್ಳಾರಿ ಕಂಪೆನಿಯದು. ಆದರೆ ನೆಲವೂ ಜನವೂ ಮಾತೂ ಒಂದೇ. ಮದರಾಸಿನ ಗವರ್ನರ್ ಮನ್ರೋ ಅವರ ಅಪ್ಪಣೆಯಂತೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಎಂಬವರು ೧೮೨೩ರಲ್ಲಿ ತಮ್ಮ ಜಿಲ್ಲೆಯ ಮಠಗಳನ್ನು ಕುರಿತು ಒಂದು ವರದಿಯನ್ನು ಕಳುಹಿಸಿದರು. ಜಿಲ್ಲೆಯಲ್ಲಿ ಒಟ್ಟು ೫೩೩ ಶಾಲೆಗಳು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಉಳಿದವು ಸಂಸ್ಕೃತ, ಮರಾಠಿ, ಪಾರಸಿ ಮೊದಲಾದವು. ಕನ್ನಡ ತೆಲುಗುಗಳ ಈ ಸಮಸಮವಾದ ಲೆಕ್ಕವು ಚಳ್ಳಕೆರೆ ಮೊಳಕಾಲ್ಮೂರುಗಳ ಪರಿಚಯವಿದ್ದವರಿಗೆ ಆಶ್ಚರ್ಯವನ್ನುಂಟುಮಾಡದು. ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಓದುವ ಮಕ್ಕಳು ಅಲ್ಲಿ ಇಂದಿಗೂ ಉಂಟು.

ಕ್ಯಾಂಬೆಲ್ಲರು ವರ್ಣಿಸಿರುವ ಮಠದ ಬೆಳಗು ಸ್ವಾರಸ್ಯವಾಗಿದೆ. ಆರು ಗಂಟೆಗೆ ಹುಡುಗರು ಸೇರಬೇಕು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು, ಅದು ಮರ್ಯಾದೆ. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಬರುಬರುತ್ತ ಏರಿಕೆ. ಕೊನೆಗೆ ಬಂದವನ ಅವಸ್ಥೆಯನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು. ಈ ಗಣಿತವನ್ನು ಮಕ್ಕಳು ಮಗ್ಗಿಗಿಂತ ಬೇಗ ಕಲಿತಿರಬೇಕು.

ಐದನೆಯ ವರ್ಷದಲ್ಲಿ ಗಣಪತಿಯ ಮುಂದೆ ಕುಳ್ಳಿರಿಸಿ, ಅಕ್ಕಿಯಲ್ಲಿ ಬೆರಳು ಹಿಡಿದು ಬರೆಯಿಸಿದ ಮೇಲೆ ಹುಡುಗನು ಮಠಕ್ಕೆ ಸೇರುವನು. ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದುವುದು. ಅದು ಕೈಗೆ ಹತ್ತಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯು ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲ. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸುವರು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲೂ ಅಂಟೂ ಬಳಿದ ಬಟ್ಟೆ. ಬರೆಯುವುದು ಬಳಪದಿಂದ, ಅಳಿಸುವುದು ಒದ್ದೆಯ ಬಟ್ಟೆಯಿಂದ. ಒಂದು ಕಾಸಿನ ಕಾಗದವೂ ಬೇಡ. ಕಾಗುಣಿತ ಮುಗಿದ ಬಳಿಕ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು. ಆಮೇಲೆ ಅಂಕಿ, ನೂರರವರೆಗಿನ ಎಣಿಕೆ, ಹಣದ ಕೂಡುವ ಕಳೆಯುವ ಲೆಕ್ಕ, ತೂಕ, ಅಳತೆ, ಕಾಲು ಅರೆಗಳು. ಇಂದಿನ ಎರಡನೆಯ ತರಗತಿಯ ಮಗುವಿನ ಪಾಠಕ್ಕೂ ಇದಕ್ಕೂ ಬಹಳ ದೂರವಿಲ್ಲವೆಂಬುದನ್ನು ಗಮನಿಸಬೇಕು.

ಆ ಮಠಗಳಲ್ಲಿಯೂ ತರಗತಿಗಳಿದ್ದವು, ಸಾಮಾನ್ಯವಾಗಿ ನಾಲ್ಕು. ಆದರೆ ವಯಸ್ಸಿಗೂ ವರ್ಷಕ್ಕೂ ತರಗತಿಗೂ ಗಂಟಿರಲಿಲ್ಲ. ಬಲ್ಲವನು ಮೇಲಕ್ಕೆ ಹೋಗುವನು, ಬಾರದವನು ಬರುವ ತನಕ ಇರುವನು. ಮೇಲಿನ ತರಗತಿಗಳನ್ನು ಐಗಳು ತಾವೇ ನೋಡಿಕೊಳ್ಳುವರು. ಕೆಳಗಿನವರನ್ನು ಬಹುಮಟ್ಟಿಗೆ ದೊಡ್ಡ ಹುಡುಗರು ಕಲಿಸುವರು. ಮರಳನ್ನು ಬಿಟ್ಟು ಹಲಗೆಗೆ ಬಂದ ಎರಡನೆಯ ಮೆಟ್ಟಿಲಿನ ಹುಡುಗನ ಸ್ಥಾನವು ಇದರಲ್ಲಿ ವಿಶೇಷವಾದುದು. ಅವನಿನ್ನೂ ಕಲಿಯುವವನು, ಆದರೆ ಅವನಿಗಿಂತ ಚಿಕ್ಕವನೊಬ್ಬನು ಮರಳಿನಲ್ಲಿ ತಿದ್ದುತ್ತಿದ್ದಾನೆ, ಇವನು ಬಗ್ಗಿ ನೋಡಿ, ಸುಳಿ ಈ ಕಡೆಗಲ್ಲ, ಆ ಕಡೆಗೆ ಎಂದು ಹೇಳಬಲ್ಲನು. ಹೀಗೆ ಹೇಳುವಾಗ ಅವನ ಪಾಠವೂ ಗಟ್ಟಿಯಾಗುತ್ತಿತ್ತು. ಕ್ಯಾಂಬೆಲ್ಲರು ಈ ಕ್ರಮವನ್ನು ಮನಸಾರೆ ಮೆಚ್ಚಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದುದು ಯೋಗ್ಯವೇ ಆಯಿತೆಂದು ಬರೆದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಈ ಪದ್ಧತಿಯನ್ನು ಕಂಡು ಸೀಮೆಗೆ ಒಯ್ದಿದ್ದರು.

ಹಳೆಯದೆಲ್ಲ ಹೊನ್ನೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಬಳ್ಳಾರಿಯ ೬,೬೪೧ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ ಅರವತ್ತು. ಒಂಬತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಓದುತ್ತಿದ್ದರು. ತೊಲೆಗೆ ಕಟ್ಟಿ ತೂಗುಹಾಕುವ ಕೋದಂಡವೇ ಮೊದಲಾದ ಶಿಕ್ಷೆಗಳನ್ನು ನೆನೆದರೆ ಮೈ ನಡುಗುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷವನ್ನು ಕ್ಯಾಂಬೆಲ್ಲರೇ ಎತ್ತಿ ಹೇಳಿದ್ದಾರೆ: ಆಡುಮಾತಿಗೆ ದೂರವಾದ ಪದ್ಯಗಳನ್ನು ಮಕ್ಕಳು ಗಿಳಿಯಂತೆ ಒಪ್ಪಿಸುತ್ತಿದ್ದರು, ಅರ್ಥ ಅವರಿಗೆ ತಿಳಿಯದು, ಎಷ್ಟೋ ವೇಳೆ ಗುರುವಿಗೂ ತಿಳಿಯದು. ಅಕ್ಷರಗುಂಡಿನ ಕಥೆಯೇ ಇಲ್ಲಿಯೂ. ಕೈ ಬರೆಯುತ್ತದೆ, ಬಾಯಿ ಹೇಳುತ್ತದೆ, ಓದು ಮಾತ್ರ ಇಲ್ಲ.

ಈ ಸ್ಥಿತಿಯನ್ನು ಮೈಸೂರು ಸೀಮೆಯಲ್ಲಿ ತಿದ್ದಲು ಹೊರಟವರಲ್ಲಿ ಮುಖ್ಯರು ಬೆಂಜಮಿನ್ ಲೂಯಿ ರೈಸ್. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು, ಕನ್ನಡವನ್ನು ಬಾಲ್ಯದಿಂದ ಕೇಳಿದವರು. ೧೮೬೫ರಲ್ಲಿ ಶಾಲೆಗಳ ಇನ್ಸ್ಪೆಕ್ಟರಾದರು. ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ಊರವರು ಶಾಲೆ ಬೇಕೆಂದು ಕೇಳಿ ಕಟ್ಟಡವನ್ನು ಒದಗಿಸಿದರೆ ಸರ್ಕಾರವು ಮೇಷ್ಟರನ್ನು ಕೊಡುವುದು. ಆ ಮೇಷ್ಟರನ್ನು ಸಾಧ್ಯವಾದ ಮಟ್ಟಿಗೆ ಅಲ್ಲಿನ ಐಗಳಲ್ಲಿಯೇ ಆರಿಸಿ, ನಾರ್ಮಲ್ ಸ್ಕೂಲಿನಲ್ಲಿ ತರಬೇತು ಮಾಡಿಸುವುದು. ಹಳೆಯ ಮಠವನ್ನು ಮುಚ್ಚದೆ ಅದರ ಗುರುವಿಗೇ ಹೊಸ ಬಟ್ಟೆ ತೊಡಿಸುವ ಈ ಉಪಾಯವು ಜಾಣತನದ್ದೆಂದೇ ನಮ್ಮ ಅಭಿಪ್ರಾಯ. ಇದರಿಂದ ಅಚ್ಚಿನ ಪುಸ್ತಕ ಬಂದಿತು, ಹಾಜರಿ ಬಂದಿತು, ವರ್ಷಕ್ಕೊಂದು ಪರೀಕ್ಷೆ ಬಂದಿತು. ವರ್ಷಕ್ಕೊಂದು ತರಗತಿಯೆಂಬ ನಿಯಮವೂ ಬೇರೂರಿತು. ಎರಡನೆಯ ತರಗತಿಯವನು ಎರಡನೆಯ ಸಾಲಿನಲ್ಲಿ ಮೇಷ್ಟರ ಕಡೆಗೆ ಮುಖಮಾಡಿ ಕುಳಿತನು; ಮೊದಲನೆಯ ತರಗತಿಯವನ ಹಲಗೆಯ ಮೇಲೆ ಬಗ್ಗಿದರೆ ಅದು ತಂಟೆಯೆನಿಸಿತು. ಲಾಭ ದೊಡ್ಡದು, ನಿಜ. ಈ ಒಂದು ನಷ್ಟವನ್ನು ಮಾತ್ರ ಯಾರೂ ಲೆಕ್ಕಕ್ಕೆ ಬರೆಯಲಿಲ್ಲ.

ಶಾಲೆಗಳ ತನಿಖೆಗಾಗಿ ಊರೂರು ತಿರುಗುವಾಗಲೇ ರೈಸರಿಗೆ ಕಲ್ಲಿನ ಬರಹಗಳ ಗೀಳು ಹತ್ತಿತು. ಮುಂದೆ ಅವರು ಮೈಸೂರಿನ ಪ್ರಾಚ್ಯ ಸಂಶೋಧನ ಇಲಾಖೆಯ ಮುಖ್ಯಾಧಿಕಾರಿಗಳಾದರು. ೧೮೯೨ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡು ಲೋಕಕ್ಕೆ ತಿಳಿಸಿದವರು ಇವರೇ. ಹೋಬಳಿಯ ಮಕ್ಕಳಿಗೆ ಶಾಲೆಯನ್ನು ಯೋಚಿಸಿದ ಮನುಷ್ಯನಿಗೇ, ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ, ಶಿಷ್ಯನನ್ನೂ ಆಚಾರ್ಯನನ್ನೂ ಹೆಸರಿಸುವ ಬಂಡೆಯು ದೊರೆಯಬೇಕೇ! ಶಾಸನವನ್ನು ಪರೀಕ್ಷಿಸಿದ ಬ್ಯೂಲರ್ ಪಂಡಿತರು ಚಪಡನ ತಿರುಗು ಅಕ್ಷರಗಳನ್ನು ಬಿಡಿಸಿದರು. ೧೯೪೭ರಲ್ಲಿ ವೀಲರ್ ಅವರು ಬ್ರಹ್ಮಗಿರಿಯನ್ನು ಅಗೆದು, ಕಲ್ಲುಕೊಡಲಿಯ ಕಾಲದಿಂದ ಅಲ್ಲಿ ಜನವಸತಿ ಇದ್ದುದನ್ನು ತೋರಿಸಿದರು. ಆ ಕಥೆ ಬೇರೆಯೇ ಒಂದು ಭಾಷಣಕ್ಕೆ ತಕ್ಕದ್ದು.

ಎಣಿಕೆಗೆ ಬಾರದೆ ಹೋದ ಆ ನಷ್ಟವನ್ನು ತುಂಬುವ ಪ್ರಯತ್ನವೂ ಆಗಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದು, ಯೂನಿಸೆಫ್ ಸಂಸ್ಥೆಯ ನೆರವಿನಿಂದ ನಲಿಕಲಿ ಎಂಬ ಕ್ರಮವನ್ನು ಆರಂಭಿಸಿದರು. ೨೦೦೯ರಿಂದ ಈಚೆಗೆ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರವಿರುತ್ತದೆ; ಮಗುವು ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆಂದು ನೋಡಿಕೊಂಡು ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಬರುತ್ತದೆ. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ, ಮತ್ತೆರಡಕ್ಕೆ ಜೊತೆಯ ಮಕ್ಕಳದೇ ಸಹಾಯ, ಕೊನೆಯದಕ್ಕೆ ಸ್ವಂತ ಕಲಿಕೆ. ಗೋಡೆಯ ತಳಭಾಗಕ್ಕೆ, ಮಗುವಿನ ಕೈಗೆಟಕುವಷ್ಟು ಎತ್ತರಕ್ಕೆ, ಕಪ್ಪು ಬಳಿದಿರುತ್ತದೆ. ಇದನ್ನು ಕಂಡರೆ ಕ್ಯಾಂಬೆಲ್ಲರು ಗುರುತು ಹಿಡಿಯುತ್ತಿದ್ದರು.

ಇದಕ್ಕೆ ಆಕ್ಷೇಪಗಳೂ ಉಂಟು. ಮೂರು ತರಗತಿಗಳ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಉಪಾಧ್ಯಾಯರ ಪ್ರಯಾಸ ಸಾಮಾನ್ಯವಲ್ಲ; ಕಾರ್ಡುಗಳ ಲೆಕ್ಕವನ್ನಿಡುವುದರಲ್ಲಿಯೇ ಹೊತ್ತು ಹೋಗುವುದೆಂದು ಕೆಲವರ ದೂರು. ಇನ್ನು ತಾಯಿತಂದೆಗಳ ದೂರು ಬೇರೆ. ನಲಿಕಲಿಯಲ್ಲಿ ಅಕ್ಷರಗಳು ಅ ಆ ಇ ಈ ಎಂಬ ಕ್ರಮದಲ್ಲಿ ಬರುವುದಿಲ್ಲ. ರ ಗ ಸ ದ ಅ ಎಂದು, ಬರೆಯಲು ಸುಲಭವಾದ ಆಕಾರಗಳಿಂದ ಮೊದಲಾಗಿ, ಬೇಗನೆ ಪದವನ್ನು ಕಟ್ಟಿ ಓದುವ ಹಾಗೆ ಜೋಡಿಸಿದೆ. ಸರ, ಗರಗಸ, ದಸರ ಇವನ್ನು ಓದಿ ತೋರಿಸುವ ಮಗುವಿಗೆ ವರ್ಣಮಾಲೆಯನ್ನು ಒಪ್ಪಿಸಲು ಬಾರದೆಂದು ಮನೆಯವರಿಗೆ ಕಳವಳ. ಒಪ್ಪಿಸುವುದೇ ಓದು ಎಂಬ ಹಳೆಯ ಭಾವನೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಉಪಾಧ್ಯಾಯರ ದೂರಿನಲ್ಲಿ ನ್ಯಾಯವಿದೆ, ಅವರಿಗೆ ಸಹಾಯಕರು ಬೇಕು. ಮನೆಯವರ ದೂರಿಗೆ ನಾವು ಒಪ್ಪಲಾರೆವು. ಓದಬಲ್ಲ ಮಗುವು ಕ್ರಮವನ್ನು ಒಂದು ವಾರದಲ್ಲಿ ಕಲಿತೀತು. ಕ್ರಮವನ್ನು ಮಾತ್ರ ಬಲ್ಲ ಮಗುವು ಓದದೆಯೇ ವರ್ಷಗಳನ್ನು ಕಳೆದುಬಿಡಬಹುದು.

ಬ್ರಹ್ಮಗಿರಿಗೆ ಹೋಗುವ ಶ್ರೋತೃಗಳು ಎರಡನೆಯ ತರಗತಿಯ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಲೆಂದು ನಾವು ಬೇಡುತ್ತೇವೆ. ಅಶೋಕನ ಲಿಪಿಯ ಅಕ್ಷರಗಳು ಬಲು ಸರಳ. ಗಕಾರವು ಮನೆಯ ಸೂರಿನಂತೆ ಎರಡು ಗೆರೆ. ಠಕಾರವು ಒಂದು ಸುತ್ತು. ಕಕಾರವು ಒಂದು ನೆಟ್ಟಗೆರೆ, ಒಂದು ಅಡ್ಡಗೆರೆ. ನಮ್ಮ ಕನ್ನಡದ ಕಕಾರವು ಬಹಳ ಕಾಲ ಬಳುಕಿ ಬಳುಕಿ ಅದರಿಂದಲೇ ಬಂದುದೆಂದು ಹೇಳಿದರೆ ಮಗುವು ನಂಬದಿರಬಹುದು. ಆದರೆ ಗುರುತನ್ನು ಅದು ಆಗಲೇ ಬಲ್ಲದು. ತನ್ನ ಲೆಕ್ಕದ ಹಲಗೆಯ ಮೇಲೆ ಕೂಡುವುದಕ್ಕೆ ದಿನವೂ ಬರೆಯುವ ಗುರುತು ಅದೇ.