ನೀವು, ನೀವಿಕೆ

ಮಧ್ಯಮ ಪುರುಷದ ಸರ್ವನಾಮದೊಡನೆ ರೂಪಸಾಮ್ಯವಿರುವ ‘ನೀವು’ ಎಂಬ ಕ್ರಿಯಾಪದಕ್ಕೆ ಅಂಗೈಯಿಂದ ಮೃದುವಾಗಿ ಒತ್ತಿ ಸವರು ಎಂಬುದು ಅರ್ಥವಾಗಿದ್ದು, ತಮಿಳಿನಲ್ಲಿಯೂ ಇದೇ ರೂಪ ಇದೇ ಅರ್ಥದಲ್ಲಿ ಉಳಿದಿರುವುದರಿಂದ ಇದು ದ್ರಾವಿಡ ಮೂಲದ್ದೆಂಬುದು ಸ್ಪಷ್ಟ. ‘ತಿಕ್ಕು’, ‘ಉಜ್ಜು’ಗಳಲ್ಲಿರುವ ಒರಟುತನ ಇದರಲ್ಲಿಲ್ಲ, ಆದ್ದರಿಂದಲೇ ನಾಯಿಗಳ ಔಷಧೋಪಚಾರಕ್ಕೆ ಪೂರಕವಾಗಿ ಕೈಯಿಂದ ಸ್ನಾಯುಗಳನ್ನು ಸಡಿಲಿಸುವ ಕ್ರಮಕ್ಕೆ ‘ಮಸಾಜ್’ಗಿಂತ ‘ನೀವಿಕೆ’ಯೇ ಹೆಚ್ಚು ಒಪ್ಪುವ ಹೆಸರು.

ಇಂಥ ನೀವಿಕೆ ನೆರವಾಗಬಲ್ಲ ತಳಿಯೊಂದನ್ನು ನೋಡೋಣ: ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಸೇವೆಯಲ್ಲಿದ್ದು, 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಹುಲಿ ಸೆರೆ ಕಾರ್ಯಾಚರಣೆಯಲ್ಲಿ ಜಾಡು ಹಿಡಿದು ಹೆಸರಾದ ‘ರಾಣಾ’ ಜರ್ಮನ್ ಶೆಫರ್ಡ್ ತಳಿಯ ನಾಯಿಯಾಗಿತ್ತು. ತೊಡೆಮೂಳೆಯ ತಲೆ ಸೊಂಟದ ಗೂಡಿನಲ್ಲಿ ಸರಿಯಾಗಿ ಕೂರದ ದೋಷ ಈ ತಳಿಯಲ್ಲಿ ಹೆಚ್ಚಾಗಿ ಕಂಡುಬರುತ್ತದೆ; ದೋಷವುಳ್ಳ ನಾಯಿಗೆ ವಯಸ್ಸಾದಂತೆ ಕೀಲು ಸವೆದು ಹಿಂಗಾಲು ಬಿಗಿಯುತ್ತದೆ. ಅಂಥ ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಸೊಂಟದಿಂದ ಮೊಣಕಾಲಿನತ್ತ ರೋಮ ಮಲಗಿರುವ ದಿಕ್ಕಿನಲ್ಲೇ ನಿಧಾನವಾಗಿ ನೀವಿದರೆ ಸ್ನಾಯು ಸಡಿಲಗೊಂಡು ನೋವು ತುಸು ಶಮನವಾಗಬಹುದೇ ಹೊರತು ಸವೆದ ಮೃದ್ವಸ್ಥಿ ಮರಳದು. ನೀವುವಾಗ ನಾಯಿ ಥಟ್ಟನೆ ಕೈಯತ್ತ ತಲೆ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಜ್ವರ, ಬಾವು, ಮೂಳೆಮುರಿತದ ಶಂಕೆಯಿದ್ದಲ್ಲಿ ಪಶುವೈದ್ಯರು ನೋಡುವ ಮುನ್ನ ನೀವಲೇಬಾರದು.