ಕೊರಗರ ಚರಿತ್ರೆಗೆ ಯಾರ ಸಾಕ್ಷಿ?

ಮಣಿಪಾಲದಲ್ಲಿ ಓದಿ ಮೆಲ್ಬರ್ನಿಗೋ ಟೊರಾಂಟೊಗೋ ಹೋಗಿ ನೆಲೆಸಿದ ಉಡುಪಿ, ಕಾಪು, ಕಾರ್ಕಳದ ಮಂದಿಗೆ ಅಲ್ಲಿನ ಮೂಲನಿವಾಸಿಗಳ ಚರಿತ್ರೆ ಬೇಗನೆ ಎದುರಾಗುತ್ತದೆ. ಆಸ್ಟ್ರೇಲಿಯಾದ ಎಷ್ಟೋ ಸಭೆಗಳು ಆ ನೆಲದ ಮೂಲ ಒಡೆಯರನ್ನು ನೆನೆದೇ ಶುರುವಾಗುತ್ತವೆ. ಹೆತ್ತವರ ಮಡಿಲಿಂದ ಕಿತ್ತೊಯ್ದ ಮಕ್ಕಳ ತಲೆಮಾರುಗಳಿಗೆ ಅಲ್ಲಿನ ಸಂಸತ್ತು 2008ರ ಫೆಬ್ರವರಿ 13ರಂದು ಕ್ಷಮೆ ಕೇಳಿತು. ನೊಂದವರ ಬಾಯಿಂದಲೇ ಚರಿತ್ರೆ ಕೇಳಬೇಕೆಂಬುದು ಆ ಕಲಿಕೆಯ ತಿರುಳು. ಈ ಅಳತೆಗೋಲನ್ನು ಊರಿಗೆ ತಂದು ನೋಡಬೇಕು. ನಮ್ಮ ಕರಾವಳಿಯ ಬುಡಕಟ್ಟಾದ ಕೊರಗರ ಬಗ್ಗೆ ನಮಗೆ ಗೊತ್ತಿದೆ ಎಂದುಕೊಂಡದ್ದರಲ್ಲಿ ಬಹುಪಾಲು ಅವರನ್ನು ಅಂಗಳದಾಚೆ ನಿಲ್ಲಿಸಿದವರು ಹೇಳಿದ್ದು, ಇಲ್ಲವೇ ದಾರಿಹೋಕರಾಗಿ ಕಂಡವರು ಬರೆದದ್ದು.

ದಕ್ಷಿಣ ಕನ್ನಡದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ವಾಲ್‌ಹೌಸ್ 1875ರಲ್ಲಿ ಲಂಡನ್ನಿನ ಮಾನವಶಾಸ್ತ್ರ ಪತ್ರಿಕೆಯಲ್ಲಿ ಪಶ್ಚಿಮ ಕರಾವಳಿಯ 'ಎಲೆ ಉಡುವ ಬುಡಕಟ್ಟಿನ' ಬಗ್ಗೆ ಲೇಖನ ಬರೆದ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಬಂದ ಥರ್ಸ್ಟನ್ನನ ಸಂಪುಟಗಳಲ್ಲಿ ಸಪ್ಪು ಕೊರಗ, ಅಂಡೆ ಕೊರಗ ಎಂಬ ವಿಂಗಡಣೆ ಇದೆ. ಅಂಡೆ ಕೊರಗರು ದಾರಿಯಲ್ಲಿ ಉಗುಳುವಂತಿರಲಿಲ್ಲ, ಉಗುಳಲೆಂದೇ ಕೊರಳಿಗೆ ಕುಡಿಕೆ ಕಟ್ಟಿಕೊಳ್ಳಬೇಕಿತ್ತು ಎನ್ನುತ್ತದೆ ಆ ಬರಹ. ಇವು ಬೆಲೆಯುಳ್ಳ ದಾಖಲೆಗಳೇ. ಆದರೆ ಇವುಗಳಲ್ಲಿ ಎಲೆ ಕುತೂಹಲದ ಉಡುಗೆಯಾಗಿ ಕಾಣುತ್ತದೆ. ಬಟ್ಟೆ ಉಡಗೊಡದವರು ಯಾರು, ಕುಡಿಕೆ ಕಟ್ಟಿಸಿದವರು ಯಾರು ಎಂಬ ವಿಚಾರಣೆ ನಡೆಯುವುದಿಲ್ಲ.

ಕೊರಗರ ಕಡೆಯ ಸಾಕ್ಷಿ ಇಲ್ಲವೆಂದಲ್ಲ, ಅದನ್ನು ಸಾಕ್ಷಿಯೆಂದು ಎಣಿಸಿಲ್ಲ ಅಷ್ಟೆ. ಇಂದು ಜಾತಿ ನೋಡದೆ ಎಲ್ಲರೂ ಹರಕೆ ಹೊರುವ ದೈವ ಕೊರಗಜ್ಜನ ಪಾಡ್ದನವನ್ನೇ, ಅಂದರೆ ತುಳು ಹಾಡುಗತೆಯನ್ನೇ, ತೆಗೆದುಕೊಳ್ಳಿ. ಮುಂದೆ ಕೊರಗಜ್ಜನಾದ ತಬ್ಬಲಿ ಹುಡುಗ ತನಿಯನನ್ನು ಸಾಕಿದವಳು ಮೈರಕ್ಕೆ ಬೈದೆದಿ. ಏಳಾಳಿನ ಹೊರೆಯನ್ನು ಒಬ್ಬನೇ ಹೊತ್ತು ದೈವಸ್ಥಾನಕ್ಕೆ ತಂದವನಿಗೆ ಒಳಗೆ ಕಾಲಿಡಲು ಬಿಡುವುದಿಲ್ಲ; ಅಲ್ಲಿಯೇ ಅವನು ಮಾಯವಾಗುತ್ತಾನೆ. ಹೊರೆ ಒಳಗೆ, ಹೊತ್ತವನು ಹೊರಗೆ: ಕರಾವಳಿಯ ದುಡಿಮೆಯ ಲೆಕ್ಕವನ್ನು ಇಷ್ಟು ನೇರವಾಗಿ ಹೇಳಿದ ದಾಖಲೆ ಕಡತಗಳಲ್ಲಿ ಸಿಗುವುದು ಕಷ್ಟ. ಇನ್ನೊಂದು ಸಾಕ್ಷಿ ನುಡಿಯದು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಪ್ರಕಟಿಸಿದ ಅಧ್ಯಯನ ಕೊರಗ ನುಡಿಯನ್ನು ಅದರದೇ ವ್ಯಾಕರಣವುಳ್ಳ ದ್ರಾವಿಡ ಭಾಷೆಯಾಗಿ ನೋಡಿ, ಒಂಟಿ, ತಪ್ಪು, ಮುದು ಎಂಬ ಒಳನುಡಿಗಳನ್ನು ವಿವರಿಸಿತು. (ತುಳುವಿನಲ್ಲಿ ತಪ್ಪು ಎಂದರೆ ಸೊಪ್ಪು, ಕನ್ನಡದ ಕಿವಿಗೆ ಅದು ಅಪರಾಧದಂತೆ ಕೇಳುತ್ತದಲ್ಲ ಎಂಬುದೇ ಸಂಕಟ.)

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಭಾರತದಲ್ಲಿ ಎಲ್ಲರೂ ಮೂಲನಿವಾಸಿಗಳೇ, ಆಸ್ಟ್ರೇಲಿಯಾದ ಹೋಲಿಕೆ ಸಲ್ಲದು ಎಂಬುದು ಮೊದಲನೆಯದು. ಹಡಗಿನಲ್ಲಿ ಬಂದವರು ನೆಲ ಕಸಿದ ಕತೆ ಇಲ್ಲಿಯದಲ್ಲ, ಒಪ್ಪೋಣ. ಆದರೆ ಮೊದಲು ಬಂದವರು ಯಾರೆಂಬುದು ಇತ್ಯರ್ಥವಾಗದಿದ್ದರೂ, ನೆಲ ಯಾರ ಕೈಯಲ್ಲಿ ಉಳಿಯಲಿಲ್ಲ ಎಂಬುದು ಕಣ್ಣೆದುರೇ ಇದೆ. ಎರಡನೆಯದು, ಕೊರಗರನ್ನು ಕೀಳಾಗಿ ಕಂಡು ಅವರಿಂದ ಸೇವೆ ಮಾಡಿಸುವ ಅಜಲು ಒಂದು ಕಟ್ಟುಕಟ್ಟಳೆ, ಡೋಲು ಬಡಿಯುವುದು ಕೊರಗರಿಗೆ ಸಂದ ಮರ್ಯಾದೆ ಎಂಬ ಮಾತು. ಇದಕ್ಕೆ ಉತ್ತರ 2000ದ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆಯಲ್ಲಿದೆ. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವುದನ್ನೂ ಕಂಬಳಕ್ಕೆ ಮುಂಚೆ ಕೊರಗರನ್ನು ಕೋಣಗಳಂತೆ ಓಡಿಸುವುದನ್ನೂ ಅದು ಹೆಸರಿಸಿ ನಿಷೇಧಿಸಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲೂ ಇಂಥದ್ದನ್ನು ಕಾನೂನಿನ ಪುಟದಲ್ಲಿ ಬರೆಯಬೇಕಾಯಿತು ಎಂದ ಮೇಲೆ ಮರ್ಯಾದೆಯ ವಾದ ನಿಲ್ಲುವುದಿಲ್ಲ. ಡೋಲಿಗೆ ಮರ್ಯಾದೆ ಇದೆ, ನಿಜ. ಬೇಡ ಎನ್ನುವ ಹಕ್ಕು ಬಡಿಯುವವನಿಗೆ ಇದ್ದಾಗ ಮಾತ್ರ.

ಬೇಡ ಎನ್ನಲು ಕಾಲೂರುವ ನೆಲ ಬೇಕು; ಅದನ್ನು ಕೊರಗರು ಕಾಯಿದೆಗೆ ಕಾಯದೆ ತಾವೇ ಕೇಳಿದ್ದರು. 1993ರ ಆಗಸ್ಟ್ 18ರಂದು ಅವರು ಮಂಗಳೂರಿನಲ್ಲಿ ಭೂಮಿಗಾಗಿ ಬೀದಿಗಿಳಿದರು. ಕೊರಗರ ಸ್ಥಿತಿಗತಿಯ ಬಗ್ಗೆ ಮರುವರ್ಷ ಬಂದ ಮುಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ನೆಲ ಕೊಡಬೇಕೆಂದಿತು. ಆ ಶಿಫಾರಸು ಪೂರ್ತಿ ಜಾರಿಯಾಗಿಲ್ಲ. ಅದು ಇಂದಿಗೂ ಅವರ ಬೇಡಿಕೆಪಟ್ಟಿಯಲ್ಲಿದೆ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಹದಿನೈದು ಸಾವಿರಕ್ಕೂ ಕಡಿಮೆ ಇದ್ದ ಜನ ಪ್ರತಿ ಆಗಸ್ಟ್ 18ನ್ನು ಭೂಮಿ ಹಬ್ಬವಾಗಿ ಆಚರಿಸುತ್ತಾರೆ. ಅಂದು ಡೋಲು ಮೊಳಗುವುದು ಬೇರೆಯವರ ಕಂಬಳಕ್ಕಲ್ಲ, ಅವರದೇ ಮೆರವಣಿಗೆಗೆ.